ಕಂಪ್ರೆಸರ್ ಪೆಡಲ್‌ನ ಗುಂಯ್ ಸದ್ದು, ಕಿತ್ತ ಅರ್ಥ್ ಪಿನ್, ತುಟಿಗೆ ಹೊಡೆದ ಕರೆಂಟ್

ಕಳೆದ ಗಣೇಶ ಹಬ್ಬದಲ್ಲಿ ಬೆಳಗಾವಿಯ ಶಹಾಪುರದ ಒಂದು ಪೆಂಡಾಲಿನಲ್ಲಿ ಹಾಡುವಾಗ ಮೈಕ್‌ನಿಂದ ನನ್ನ ತುಟಿಗೆ ಕರೆಂಟ್ ಹೊಡೆಯಿತು. ಎಡಗೈ ಗಿಟಾರ್ ತಂತಿಯ ಮೇಲಿತ್ತು. ಒಂದು ಹಿಡಿ ಸೂಜಿಯನ್ನು ಒಟ್ಟಿಗೆ ಬಾಯಿಗೆ ಚುಚ್ಚಿದ ಹಾಗಾಯಿತು. ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಎಳೆದುಕೊಂಡಿತು, ಅದರಿಂದಲೇ ಉಳಿದೆ. ಕೈ ತಂತಿಯನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ನೆನೆದರೆ ಮೈ ಜುಮ್ ಅನ್ನುತ್ತದೆ. ಮೇಲ್ದುಟಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಗುಳ್ಳೆ ನಾಲ್ಕು ದಿನ ಇತ್ತು.

ಇದೆಲ್ಲ ಶುರುವಾದದ್ದು ಒಂದು ಕಂಪ್ರೆಸರ್ ಪೆಡಲ್‌ನಿಂದ. ಗಿಟಾರ್‌ಗೂ ಆಂಪ್‌ಗೂ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ನಡುವೆ ಹಚ್ಚಿ, ಕಾಲಿನಿಂದ ಆನ್-ಆಫ್ ಮಾಡುವ ಸಣ್ಣ ಡಬ್ಬಿ ಅದು. ಪೆಡಲ್ ಕೆಟ್ಟದ್ದಾಗಿರಲಿಲ್ಲ. ಅದು ಏನು ಮಾಡುತ್ತದೆ ಅಂತ ತಿಳಿಯದೆ ಕೊಂಡೆ, ಅದು ಎಬ್ಬಿಸಿದ ಸದ್ದನ್ನು ಅಡಗಿಸಲು ಮಾಡಬಾರದ್ದನ್ನು ಮಾಡಿದೆ. ನಮ್ಮ ಕಡೆ ಮದುವೆ, ರಸಮಂಜರಿ, ಗಣಪತಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುವ ಹುಡುಗರು ಬಹಳ ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಕಂಪ್ರೆಸರ್ ಬೇಕು ಅನಿಸಿದ್ದಕ್ಕೆ ಕಾರಣ ಇತ್ತು. ಡಿಸ್ಟಾರ್ಶನ್ (ರಾಕ್ ಗಿಟಾರ್‌ನ ಗರಗರ ಸದ್ದು) ಇಲ್ಲದೆ ಕ್ಲೀನ್ ಟೋನ್‌ನಲ್ಲಿ ಒಂದೊಂದೇ ತಂತಿ ಬಿಡಿಸಿ ನುಡಿಸುವಾಗ ನನ್ನದು ಒಂದು ಸ್ವರ ಜೋರು, ಇನ್ನೊಂದು ಕೇಳಿಸುವುದೇ ಇಲ್ಲ. ಡೋಲಕ್, ಕೀಬೋರ್ಡ್ ಸೇರಿದರೆ ಗಿಟಾರ್ ಮುಳುಗೇ ಹೋಗುತ್ತದೆ. ಕಂಪ್ರೆಸರ್ ಹಾಕಿದರೆ ಎಲ್ಲ ಸ್ವರ ಒಂದೇ ಮಟ್ಟಕ್ಕೆ ಬರುತ್ತವೆ ಅಂತ ಕೇಳಿದ್ದೆ. ಅದು ನಿಜ ಕೂಡ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ನಾಬ್‌ನ ಒಂದು ಪೆಡಲ್ ಸಿಕ್ಕಿತು. ಒಂದು ಔಟ್‌ಪುಟ್, ಅಂದರೆ ಹೊರಬರುವ ಸದ್ದಿನ ಮಟ್ಟ. ಇನ್ನೊಂದು ಸಸ್ಟೇನ್, ಅಂದರೆ ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು. 1970ರ ದಶಕದಲ್ಲಿ ಬಂದ ಎಂಎಕ್ಸ್‌ಆರ್ ಡೈನಾ ಕಾಂಪ್‌ನಿಂದ ಶುರುವಾದ ಹಳೆಯ, ಒಳ್ಳೆಯ ಜಾತಿಯದು. ಮಾರಿದವರು ತಮ್ಮ ಗಿಟಾರ್ ಹಾಕಿ, ಸಸ್ಟೇನ್ ಪೂರ್ತಿ ತಿರುಗಿಸಿ, ಒಂದು ಸ್ವರ ಮೀಟಿ ಬಿಟ್ಟರು. ಅದು ನಿಲ್ಲಲೇ ಇಲ್ಲ. ನಾನು ಅಲ್ಲೇ ದುಡ್ಡು ಎಣಿಸಿದೆ.

ಮೊದಲ ತಪ್ಪು ಆಗಿದ್ದೇ ಇಲ್ಲಿ. ಅವರ ಗಿಟಾರ್‌ನಲ್ಲಿದ್ದದ್ದು ಹಂಬಕರ್ ಪಿಕಪ್. ಪಿಕಪ್ ಅಂದರೆ ತಂತಿಯ ಕಂಪನವನ್ನು ಹಿಡಿದು ಸಿಗ್ನಲ್ ಮಾಡುವ ಭಾಗ. ಎರಡು ಕಾಯಿಲ್‌ಗಳು ಹೊರಗಿನ ಗುಂಯ್ ಸದ್ದನ್ನು ಒಂದಕ್ಕೊಂದು ಅಳಿಸಿ ಹಾಕುತ್ತವೆ, ಹೆಸರಿನಲ್ಲಿರುವ ಹಮ್ ಅಂದರೆ ಈ ಗುಂಯ್ ಸದ್ದೇ. ನನ್ನದು ಸ್ಟ್ರಾಟ್ ತರಹದ ಗಿಟಾರ್, ಸಿಂಗಲ್ ಕಾಯಿಲ್. ಸುತ್ತ ಇರುವ ವೈರು, ಮೋಟರು, ಟ್ರಾನ್ಸ್‌ಫಾರ್ಮರ್ ಎಲ್ಲದರ 50 ಹರ್ಟ್ಜ್ ಸದ್ದನ್ನೂ ಅದು ಹಿಡಿದುಕೊಳ್ಳುತ್ತದೆ. ಮೇಲಾಗಿ ನಮ್ಮ ಮನೆ ಇರುವುದು ವಡಗಾವಿಯಲ್ಲಿ. ಪಕ್ಕದಲ್ಲೇ ಪವರ್‌ಲೂಮ್. ಬೆಳಗಿನಿಂದ ರಾತ್ರಿವರೆಗೆ ಮಗ್ಗದ ಮೋಟರುಗಳು ಓಡುತ್ತಲೇ ಇರುತ್ತವೆ.

ಮನೆಗೆ ತಂದು ಹಚ್ಚಿದೆ. ನುಡಿಸುವಾಗ ತುಂಬಾ ಚೆನ್ನಾಗಿತ್ತು. ಆಮೇಲೆ ಒಂದು ಸ್ವರ ಮೀಟಿ ಕೈ ಸುಮ್ನೆ ಇಟ್ಟುಕೊಂಡು ಕೇಳಿದೆ. ಸ್ವರ ಇಳಿಯುತ್ತಾ ಬಂತು. ಅದರ ಅಡಿಯಿಂದ, ಒಲೆ ಮೇಲಿನ ಹಾಲು ಉಕ್ಕಿ ಬರುವ ಹಾಗೆ, ಗುಂಯ್ ಅನ್ನುವ ಸದ್ದು ಮೇಲೆದ್ದಿತು. ಎರಡು ಸೆಕೆಂಡಿನಲ್ಲಿ ಸ್ವರಕ್ಕಿಂತ ಸದ್ದೇ ಜಾಸ್ತಿ. ಮತ್ತೆ ಮೀಟಿದರೆ ಸದ್ದು ಮಾಯ. ಬಿಟ್ಟರೆ ಮತ್ತೆ ಹಾಜರು.

ಯಾಕೆ ಹೀಗೆ? ಕಂಪ್ರೆಸರ್ ಜೋರು ಸದ್ದನ್ನು ಒತ್ತುತ್ತದೆ. ಉದಾಹರಣೆಗೆ ರೇಶಿಯೋ, ಅಂದರೆ ಒತ್ತುವ ಪ್ರಮಾಣ, 4:1 ಇದ್ದರೆ, ಒತ್ತುವುದು ಶುರುವಾಗುವ ಗೆರೆ ದಾಟಿ 8 ಡೆಸಿಬೆಲ್ ಮೇಲೆ ಹೋದದ್ದು 2 ಡೆಸಿಬೆಲ್ ಮಾತ್ರ ಮೇಲೆ ಬರುತ್ತದೆ. ಒತ್ತಿದ ಮೇಲೆ ಒಟ್ಟು ಸದ್ದು ಕಡಿಮೆಯಾಗುತ್ತದಲ್ವಾ, ಅದನ್ನು ತುಂಬಲು ಎಲ್ಲವನ್ನೂ ಮೇಲೆ ಎತ್ತುತ್ತದೆ. ಆ ಎತ್ತುವಿಕೆ ನಿಮ್ಮ ಸಣ್ಣ ಸ್ವರಕ್ಕೂ ಸಿಗುತ್ತದೆ, ಪಕ್ಕದ ಮಗ್ಗದ ಮೋಟರಿಗೂ ಸಿಗುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಸಸ್ಟೇನ್ ನಾಬ್ ಪೂರ್ತಿ ತಿರುಗಿಸಿದಾಗ ಅದಕ್ಕಿಂತ ಬಹಳ ಜಾಸ್ತಿ ಏರುತ್ತದೆ. ಗಿಟಾರ್ ಸುಮ್ಮನಿದ್ದಾಗ ಒತ್ತಲು ಏನೂ ಇರುವುದಿಲ್ಲ, ಪೆಡಲ್ ಪೂರ್ತಿ ಬಾಯಿ ತೆರೆದು ಕೂತಿರುತ್ತದೆ. ಸಸ್ಟೇನ್ ಅಂತ ನಾವು ಮೆಚ್ಚುವುದೂ, ಸದ್ದು ಅಂತ ಬೈಯುವುದೂ ಒಂದೇ ಕೆಲಸದ ಫಲ.

ಇದು ನನಗೆ ಆಗ ಗೊತ್ತಿದ್ದರೆ ನಾಬ್ ಅರ್ಧಕ್ಕೆ ಇಳಿಸುತ್ತಿದ್ದೆ, ಮುಗಿದು ಹೋಗುತ್ತಿತ್ತು. ಗೊತ್ತಿರಲಿಲ್ಲ. ಸಸ್ಟೇನ್ ಪೂರ್ತಿ ಇಟ್ಟುಕೊಂಡೇ ಪೆಂಡಾಲಿಗೆ ಹೋದೆ.

ಅವತ್ತು ಸಂಜೆಯಿಂದ ಜಿಟಿಜಿಟಿ ಮಳೆ. ವೇದಿಕೆಗೆ ಹಾಸಿದ್ದ ಜಮಖಾನೆ ಒದ್ದೆಯಾಗಿತ್ತು. ಆಂಪ್‌ಗೆ ಕರೆಂಟ್ ಒಂದು ಬೋರ್ಡಿನಿಂದ, ಮೈಕ್, ವಾದ್ಯಗಳ ಸದ್ದನ್ನೆಲ್ಲ ಸೇರಿಸುವ ಮಿಕ್ಸರ್‌ಗೆ ಪೆಂಡಾಲಿನ ಆಚೆ ತುದಿಯ ಇನ್ನೊಂದು ಬೋರ್ಡಿನಿಂದ. ಆಂಪ್‌ನ ಲೈನ್ ಔಟ್ (ಸಿಗ್ನಲ್ ಹೊರಗೆ ಕಳಿಸುವ ಕಿಂಡಿ) ಮಿಕ್ಸರ್‌ಗೆ ಹಚ್ಚಿದ ಕೂಡಲೇ ಸ್ಪೀಕರ್‌ಗಳಲ್ಲಿ ದೊಡ್ಡ ಗುಂಯ್. ಜನ ಬಂದು ಕೂತಿದ್ದರು, ಆರತಿ ಮುಗಿದಿತ್ತು. ಅಲ್ಲಿದ್ದ ಒಬ್ಬರು ಬಂದು, "ಆಂಪ್‌ದ ಆ ದಪ್ಪ ಪಿನ್ ಕಿತ್ತ್ ಒಗೀರಿ, ಗುಂಯ್ ಅನ್ನೂದು ನಿಂದರ್ತದ" ಅಂದರು. ಆ ದಪ್ಪ ಪಿನ್ನೇ ಅರ್ಥ್ ಪಿನ್. ಕಟಿಂಗ್ ಪ್ಲೇಯರ್ ತಂದು ಅವರೇ ಕಿತ್ತರು. ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದೆ.

ಸದ್ದು ಅರ್ಧ ನಿಂತಿತು ಕೂಡ. ಅದಕ್ಕೇ ನಂಬಿದೆವು. ಅಲ್ಲಿದ್ದದ್ದು ಎರಡು ಬೇರೆ ಬೇರೆ ಸದ್ದು ಅಂತ ಆಮೇಲೆ ತಿಳಿಯಿತು. ಒಂದು, ಎರಡು ಬೋರ್ಡುಗಳ ಅರ್ಥ್ ಮಿಕ್ಸರ್ ಕೇಬಲ್ ಮೂಲಕ ಸುತ್ತು ಹಾಕಿ ಬರುವ ಗ್ರೌಂಡ್ ಲೂಪ್. ಪಿನ್ ಕಿತ್ತಾಗ ನಿಂತದ್ದು ಅದು. ಇನ್ನೊಂದು, ಸಿಂಗಲ್ ಕಾಯಿಲ್ ಹಿಡಿದು ಕಂಪ್ರೆಸರ್ ಎತ್ತಿದ ಸದ್ದು. ಪಿನ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಅದು ಹಾಗೇ ಉಳಿದಿತ್ತು.

ಗಿಟಾರ್‌ನ ತಂತಿಗಳು ಬ್ರಿಡ್ಜ್ (ತಂತಿ ಕೂರುವ ಲೋಹದ ಭಾಗ) ಮೂಲಕ ಕೇಬಲ್‌ನ ಶೀಲ್ಡ್‌ಗೆ (ಒಳವೈರಿನ ಸುತ್ತಲಿನ ಲೋಹದ ಹೊದಿಕೆ), ಅಲ್ಲಿಂದ ಆಂಪ್‌ನ ಲೋಹದ ಮೈಗೆ ಸೇರಿರುತ್ತವೆ. ನನ್ನದು ಹಳೆಯ ಆಂಪ್. ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಶನ್ ಸೋತು ಕರೆಂಟ್ ಸೋರುತ್ತಿತ್ತು ಅಂತ ಮೆಕ್ಯಾನಿಕ್ ಆಮೇಲೆ ತೋರಿಸಿದರು. ಅರ್ಥ್ ಪಿನ್ ಇದ್ದಷ್ಟು ದಿನ ಅದು ನೆಲಕ್ಕೆ ಹೋಗುತ್ತಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಪಿನ್ ಹೋದ ಮೇಲೆ, ಲೈನ್ ಔಟ್ ಕೇಬಲ್‌ನ ಶೀಲ್ಡ್ ಮೂಲಕ ಅದು ಮಿಕ್ಸರ್‌ನ ಅರ್ಥ್ ಹಿಡಿದುಕೊಂಡಿತ್ತು. ಎರಡನೇ ಹಾಡಿನ ನಡುವೆ ಆ ಕೇಬಲ್ ಸರಿಯಾಗಿ ಕೂತಿಲ್ಲ ಅಂತ ಯಾರೋ ಎಳೆದರು. ಆಗ ಉಳಿದ ದಾರಿ ಒಂದೇ. ತಂತಿಯಿಂದ ನನ್ನ ಕೈ, ಕೈಯಿಂದ ಎದೆ, ಎದೆಯಿಂದ ತುಟಿ, ತುಟಿಯಿಂದ ಅರ್ಥ್ ಆಗಿದ್ದ ಮೈಕ್.

ಮೇ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಅನ್ನುವ ಗಿಟಾರ್ ವಾದಕ ಅರ್ಥ್ ಸರಿ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ನನಗೆ ಇದು ಗೊತ್ತಾದದ್ದು ತುಟಿ ಸುಟ್ಟುಕೊಂಡ ಮೇಲೆ.

ದಯವಿಟ್ಟು ಅರ್ಥ್ ಪಿನ್ ಮುಟ್ಟಬೇಡಿ. ಯಾರೇ ಹೇಳಲಿ, ಎಷ್ಟೇ ವರ್ಷದ ಅನುಭವ ಇರಲಿ. ಗ್ರೌಂಡ್ ಲೂಪ್ ಇದ್ದರೆ ಮೊದಲು ಆಂಪ್, ಪೆಡಲ್, ಮಿಕ್ಸರ್ ಎಲ್ಲವನ್ನೂ ಒಂದೇ ಕಡೆಯ ಕರೆಂಟಿಗೆ ಹಚ್ಚಿ. ಆಗಲೂ ಹೋಗದಿದ್ದರೆ ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಹಚ್ಚುವ ಡಿಐ ಬಾಕ್ಸ್ ಬಳಸಿ, ಅದರಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಆಂಪ್‌ನ ಅರ್ಥ್ ಇದ್ದ ಹಾಗೇ ಇರುತ್ತದೆ. ಪೆಂಡಾಲಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿದ್ದಾರಾ ಅಂತ ಮಂಡಳದವರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಪೆಡಲ್ ಕೊಳ್ಳುವವರಿಗೆ. ನಿಮ್ಮದೇ ಗಿಟಾರ್ ತೆಗೆದುಕೊಂಡು ಹೋಗಿ. ಮೀಟಿದಾಗ ಹೇಗಿದೆ ಅನ್ನುವುದಕ್ಕಿಂತ ಮೀಟಿ ಬಿಟ್ಟ ಮೇಲೆ ಏನಾಗುತ್ತದೆ ಅಂತ ಹತ್ತು ಸೆಕೆಂಡ್ ಕೇಳಿ. ಆಮೇಲೆ ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿ ಹಾಕಿಸಿ ಕೇಳಿ. ಕುಂಯ್ ಅನ್ನುವ ಸಣ್ಣ ಸದ್ದು ನಿಂತರೆ ತಪ್ಪು ಪೆಡಲ್‌ನದ್ದಲ್ಲ, ಅಡಾಪ್ಟರ್‌ನದ್ದು. ಕೀಬೋರ್ಡಿನ ಅಡಾಪ್ಟರ್ ಇದೆಯಲ್ಲ ಅಂತ ಸುಮ್ನೆ ಚುಚ್ಚಬೇಡಿ. ಪೆಡಲ್‌ಗಳಿಗೆ ಸಾಮಾನ್ಯವಾಗಿ ನಡುವೆ ಮೈನಸ್ ಇರುವ 9 ವೋಲ್ಟ್ ಬೇಕು. ಕೆಲವು ಕೀಬೋರ್ಡ್ ಅಡಾಪ್ಟರ್‌ಗಳು 12 ವೋಲ್ಟ್, ಅದೂ ನಡುವೆ ಪ್ಲಸ್. ಪೆಡಲ್ ಸುಟ್ಟು ಹೋಗಬಹುದು.

ಸಾಧ್ಯವಾದರೆ ಬ್ಲೆಂಡ್ ನಾಬ್ ಇರುವುದನ್ನೇ ನೋಡಿ. ಒತ್ತಿದ ಸದ್ದಿನ ಜೊತೆ ನಿಮ್ಮ ಮೂಲ ಸದ್ದನ್ನೂ ಬೆರೆಸಬಹುದು, ಮೀಟಿದ ಪೆಟ್ಟು ಜೀವಂತ ಇರುತ್ತದೆ. ಅಟ್ಯಾಕ್ ನಾಬ್ ಇದ್ದರೆ ಯಾವ ಕಡೆ ತಿರುಗಿಸಿದರೆ ಬೇಗ ಒತ್ತುತ್ತದೆ ಅಂತ ಕಿವಿಯಿಂದಲೇ ಪರೀಕ್ಷಿಸಿ. ಒಂದೊಂದು ಪೆಡಲ್‌ನಲ್ಲಿ ಒಂದೊಂದು ದಿಕ್ಕು. ಡಿಸ್ಟಾರ್ಶನ್‌ಗಿಂತ ಮೊದಲು ಕಂಪ್ರೆಸರ್ ಇಡಿ. ಡಿಸ್ಟಾರ್ಶನ್ ತಾನೇ ಸಾಕಷ್ಟು ಒತ್ತಿರುತ್ತದೆ, ಅದರ ನಂತರ ಇಟ್ಟರೆ ಅದರ ಸುಂಯ್ ಸದ್ದನ್ನೂ ಎತ್ತಿಕೊಡುತ್ತದೆ. ಮಿಕ್ಸರ್ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಿ. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ಚಾನೆಲ್‌ಗೊಂದು ಕಂಪ್ರೆಸರ್ ಇರುತ್ತದೆ. ನೀವೂ ಒತ್ತಿ, ಅವರೂ ಒತ್ತಿದರೆ ಗಿಟಾರ್ ಚಪ್ಪಟೆಯಾಗುತ್ತದೆ.

ನನ್ನ ಪೆಡಲ್ ಈಗಲೂ ನನ್ನ ಹತ್ತಿರವೇ ಇದೆ. ಸಸ್ಟೇನ್ ಗಡಿಯಾರದ ಹತ್ತು ಗಂಟೆಗೆ. ಪೆಡಲ್ ಆನ್ ಮಾಡಿದರೂ ಆಫ್ ಮಾಡಿದರೂ ಸದ್ದಿನ ಮಟ್ಟ ಒಂದೇ ಇರುವ ಹಾಗೆ ಔಟ್‌ಪುಟ್. ಮಗ್ಗ ಓಡುವಾಗಲೂ ಹಾಲು ಉಕ್ಕುವುದಿಲ್ಲ. ಆಂಪ್‌ಗೆ ಹೊಸ ಟ್ರಾನ್ಸ್‌ಫಾರ್ಮರ್, ಹೊಸ ಮೂರು ಪಿನ್ ಪ್ಲಗ್ ಹಾಕಿಸಿದ್ದೇನೆ. ವೇದಿಕೆ ಹತ್ತಿದ ಮೇಲೆ ಹಾಡುವ ಮೊದಲು, ಗಿಟಾರ್ ಮುಟ್ಟುವುದಕ್ಕೂ ಮೊದಲು, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ಹಿಡಿಯುತ್ತೇನೆ. ಸೊನ್ನೆ ತೋರಿಸಿದರೆ ಮಾತ್ರ ಪಟ್ಟಿ ಹೆಗಲಿಗೆ ಹಾಕುತ್ತೇನೆ.