ಇಂಗ್ಲಿಷ್ ಪದಗಳಿಗೆ ಪಟ್ಟಿಯೋ, ಮೊಬೈಲೋ, ಧಾತುವೋ?

ಬ್ರಹ್ಮಾವರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಪತ್ರಿಕೆ ಹಿಡಿದಾಗ ವ್ಯಾಕರಣ ಅಷ್ಟಾಗಿ ಕಾಡಲಿಲ್ಲ, ಕಾಡಿದ್ದು ಪದಗಳು. ಈ ವರ್ಷ ಅಕ್ಕನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಸೇರಿದಳು. ಅವಳದೂ ಕನ್ನಡ ಮಾಧ್ಯಮವೇ. ಅವಳ ಪಠ್ಯಪುಸ್ತಕ ತೆರೆದರೆ ಸಾಲಿಗೊಂದು ಕಂಡರಿಯದ ಪದ. ಹಾಗಾಗಿ ಇಬ್ಬರೂ ಸೇರಿ ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಪ್ರಯತ್ನಿಸಿದೆವು. ಮೊದಲೇ ಹೇಳಿಬಿಡುತ್ತೇನೆ: ಓದಿ ಅರ್ಥಮಾಡಿಕೊಳ್ಳಬೇಕಾದವರಿಗೆ ನನ್ನ ಮತ ಧಾತುವಿಗೆ, ಅಂದರೆ ಪದವನ್ನು ಬಿಡಿಸಿ ಅದರ ಮೂಲ ತುಂಡುಗಳ ಅರ್ಥ ಹಿಡಿಯುವ ದಾರಿಗೆ.

ಪಟ್ಟಿ ನಮ್ಮ ಮಾಸ್ತರರು ಕಲಿಸಿದ ದಾರಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ದಿನಕ್ಕೆ ಹತ್ತು ಬಾಯಿಪಾಠ. ಬರೆದು ಬರೆದು ಕಾಗುಣಿತ ಗಟ್ಟಿಯಾಗುತ್ತದೆ, ಅದು ನಿಜವಾದ ಲಾಭ. ಆದರೆ ಕಲಿತದ್ದು ಪಟ್ಟಿಯ ಕ್ರಮದಲ್ಲೇ ತಲೆಯಲ್ಲಿ ಕೂರುತ್ತದೆ. ಏಳನೆಯ ಪದವನ್ನು ನೇರವಾಗಿ ಕೇಳಿದರೆ ಹುಡುಗಿ ಮೊದಲನೆಯದರಿಂದ ಗುನುಗಿಕೊಂಡು ಬರುತ್ತಿದ್ದಳು.

ಮೊಬೈಲಿನ ಪದಚೀಟಿ, ಅಂದರೆ ಒಂದು ಬದಿಗೆ ಪದ ಇನ್ನೊಂದು ಬದಿಗೆ ಅರ್ಥ ತೋರಿಸುವ ಫ್ಲ್ಯಾಶ್‌ಕಾರ್ಡ್, ಇದಕ್ಕಿಂತ ಎಷ್ಟೋ ಮೇಲು. ಮರೆತ ಪದ ಬೇಗ ತಿರುಗಿ ಬರುತ್ತದೆ, ನೆನಪಿರುವುದು ಕೆಲವು ದಿನ ಬಿಟ್ಟು ಬರುತ್ತದೆ. ಉಡುಪಿ–ಮಂಗಳೂರು ಬಸ್ಸಿನಲ್ಲಿ ಕಾಪು ದಾಟಿದ ಮೇಲೆ ಸುರತ್ಕಲ್ ಬರುವವರೆಗೆ ಸುಮ್ಮನೆ ಕಳೆಯುತ್ತಿದ್ದ ಹೊತ್ತು ಕೆಲಸಕ್ಕೆ ಬಂತು. ನೆನಪಿನ ಮಟ್ಟಿಗೆ ಇದನ್ನು ಮೀರಿಸುವ ದಾರಿ ನನಗೆ ಸಿಕ್ಕಿಲ್ಲ. ಆದರೂ ಚೀಟಿಯಲ್ಲಿ ಇಲ್ಲದ ಪದ ಎದುರಾದರೆ ಮೊದಲಿನಷ್ಟೇ ಕತ್ತಲೆ.

ಧಾತುವಿನ ಕಡೆ ನಮ್ಮನ್ನು ಎಳೆದದ್ದು ಅಪ್ಪಯ್ಯನ ಆಸ್ಪತ್ರೆಯ ಕಾಗದ. ಅದರಲ್ಲಿ ‘ಕೊಲೆಸಿಸ್ಟೆಕ್ಟಮಿ’ ಎಂದಿತ್ತು. ಓದುವುದಕ್ಕೇ ನಾಲಿಗೆ ತೊಡರುವ ಪದ. ಪೆನ್ಸಿಲಿನಿಂದ ಎರಡು ಗೆರೆ ಎಳೆದು ಮೂರು ತುಂಡು ಮಾಡಿದೆವು. ಗ್ರೀಕ್ ಮೂಲದಲ್ಲಿ ‘ಕೊಲೆ’ ಎಂದರೆ ಪಿತ್ತ, ‘ಸಿಸ್ಟ್’ ಎಂದರೆ ಚೀಲ, ‘ಎಕ್ಟಮಿ’ ಎಂದರೆ ಕತ್ತರಿಸಿ ಹೊರತೆಗೆಯುವುದು. ಪಿತ್ತಕೋಶ ತೆಗೆದಿದ್ದಾರೆ, ಅಷ್ಟೇ. ನಮ್ಮ ‘ಪಿತ್ತಕೋಶ’ವೂ ಪಿತ್ತ ಮತ್ತು ಕೋಶ ಸೇರಿ ಆದದ್ದಲ್ಲವೇ? ಅಂದಿನಿಂದ ಟಾನ್ಸಿಲೆಕ್ಟಮಿ, ಅಪೆಂಡೆಕ್ಟಮಿಗಳಿಗೆ ಅವಳು ನಿಘಂಟು ತೆರೆಯಲಿಲ್ಲ. ಒಂದು ಪದ ಕಲಿತರೆ ಒಂದು ಕುಟುಂಬವೇ ಪರಿಚಯವಾಗುವುದು ಈ ದಾರಿಯಲ್ಲಿ ಮಾತ್ರ.

ಕನ್ನಡ ಓದಿದವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ ಎಂದು ಉಪಸರ್ಗ ಬದಲಾದಂತೆ ಅರ್ಥ ಬದಲಾಗುವುದನ್ನು ಶಾಲೆಯಲ್ಲೇ ಕಲಿತಿದ್ದೇವೆ. ಲ್ಯಾಟಿನ್ನಿನ ‘ಸ್ಪೆಕ್ಟ್’ ಎಂದರೆ ನೋಡು: ಇನ್‌ಸ್ಪೆಕ್ಟ್ ಒಳಹೊಕ್ಕು ನೋಡುವುದು, ರೆಟ್ರೊಸ್ಪೆಕ್ಟ್ ಹಿಂದಿರುಗಿ ನೋಡುವುದು. ಕೆಲವು ಕಡೆ ನಂಟು ಇನ್ನೂ ಹತ್ತಿರದ್ದು. ಡೆಂಟಿಸ್ಟ್‌ನಲ್ಲಿರುವ ‘ಡೆಂಟ್’ ನಮ್ಮ ದಂತದ ದಾಯಾದಿ. ಅವಳಿಗೆ ಹೈಪರ್‌ಟೆನ್ಷನ್ ಯಾವುದು, ಹೈಪೊಟೆನ್ಷನ್ ಯಾವುದು, ರಕ್ತದೊತ್ತಡ ಏರುವುದು ಯಾವುದರಲ್ಲಿ, ಇಳಿಯುವುದು ಯಾವುದರಲ್ಲಿ ಎಂಬುದು ಪ್ರತಿ ಸಲವೂ ಅದಲುಬದಲಾಗುತ್ತಿತ್ತು. ಗ್ರೀಕಿನ ‘ಹೈಪರ್’ ಮತ್ತು ಸಂಸ್ಕೃತದ ‘ಉಪರಿ’ ಒಂದೇ ಮೂಲದವು ಎಂದು ತಿಳಿದ ದಿನ ಗೊಂದಲ ಮುಗಿಯಿತು. ಅಜ್ಜನ ಮನೆಯ ಉಪ್ಪರಿಗೆ ಇರುವುದು ಮೇಲೆ, ಹೈಪರ್ ಇರುವುದೂ ಮೇಲೆ. ಪದಚೀಟಿಯಲ್ಲಿ ಅದೆಷ್ಟೋ ಸಲ ತಿರುವಿದರೂ ನಿಲ್ಲದ್ದು ಉಪ್ಪರಿಗೆಯ ಒಂದು ಮೆಟ್ಟಿಲಿಗೆ ನಿಂತಿತು.

ಎಡವುವ ಜಾಗಗಳೂ ಇವೆ. ‘ಪೆಡ್’ ಎಂದರೆ ಲ್ಯಾಟಿನ್ನಿನಲ್ಲಿ ಪಾದ, ಅದರಿಂದ ಪೆಡೆಸ್ಟ್ರಿಯನ್ ಪಾದಚಾರಿ. ಅದೇ ಲೆಕ್ಕದಲ್ಲಿ ಪೀಡಿಯಾಟ್ರಿಷಿಯನ್ ಕಾಲಿನ ವೈದ್ಯರು ಎಂದು ಅವಳು ಬರೆದಿಟ್ಟಿದ್ದಳು. ಅಲ್ಲಿರುವುದು ಮಗು ಎಂಬ ಅರ್ಥದ ಗ್ರೀಕ್ ಪದ. ಆದ್ದರಿಂದ ಊಹಿಸು, ವಾಕ್ಯಕ್ಕೆ ಹೊಂದುತ್ತದೆಯೇ ನೋಡು, ಕೊನೆಗೆ ನಿಘಂಟು ತೆರೆ ಎಂಬ ಕ್ರಮ ಇಟ್ಟುಕೊಂಡೆವು. ಇನ್ನು ಇಂಗ್ಲಿಷಿನ ಸ್ವಂತ ಮಣ್ಣಿನ ಪುಟ್ಟ ಪದಗಳಿವೆ: ಶ್ರಗ್, ಡ್ವಿಂಡಲ್ ಇಂಥವು. ಬಿಡಿಸಲು ಅಲ್ಲಿ ಏನೂ ಸಿಗುವುದಿಲ್ಲ, ಅವು ಚೀಟಿಯ ಪಾಲಿಗೇ ಸರಿ. ಮೊಬೈಲನ್ನು ನಾವು ಬಿಟ್ಟಿಲ್ಲ. ಚೀಟಿಗೊಂದು ಧಾತು, ಅದರ ಕೆಳಗೆ ಅದರಿಂದಾದ ನಾಲ್ಕು ಪದ ಎಂದು ಬದಲಿಸಿಕೊಂಡಿದ್ದೇವೆ. ಪಟ್ಟಿಯ ಪುಸ್ತಕ ಮಾತ್ರ ಕಪಾಟು ಸೇರಿದೆ.

ಕಳೆದ ವಾರ ಪಣಂಬೂರಿನ ಹತ್ತಿರ ನಮ್ಮ ಬಸ್ಸಿನ ಪಕ್ಕದಲ್ಲೇ ಒಂದು ಟ್ಯಾಂಕರ್ ನಿಂತಿತು. ಹಿಂಬದಿಯಲ್ಲಿ ಕೆಂಪು ಅಕ್ಷರದಲ್ಲಿ ‘ಇನ್‌ಫ್ಲೇಮಬಲ್’. ಇನ್‌ವಿಸಿಬಲ್ ಎಂದರೆ ಕಾಣದ್ದು, ಹಾಗಾದರೆ ಇದು ಉರಿಯದ್ದು ಎಂದಳು. ಅಪಾಯದ ತಪ್ಪು. ಈ ‘ಇನ್’ ನಿಷೇಧಾರ್ಥದ್ದಲ್ಲ, ‘ಒಳಗೆ’ ಎಂಬ ಅರ್ಥದ್ದು, ಆ ಟ್ಯಾಂಕರಿನಲ್ಲಿರುವುದು ಥಟ್ಟನೆ ಹೊತ್ತಿಕೊಳ್ಳುವ ವಸ್ತು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದವಳು ಕೂಳೂರು ಸೇತುವೆಯ ಮೇಲೆ ನನ್ನ ತೋಳು ಹಿಡಿದು ಅಲುಗಾಡಿಸಿದಳು.

“ಚಿಕ್ಕಮ್ಮ, ಹಾಗಾದರೆ ನಮ್ಮ ಪಾಠದ ಇನ್‌ಫ್ಲಮೇಷನ್ ಕೂಡ ಇದೇ ಬೆಂಕಿ ಅಲ್ಲವೇ? ಅದಕ್ಕೇ ಕನ್ನಡದಲ್ಲಿ ಉರಿಯೂತ ಅನ್ನುವುದು!”