ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನ: ಹದಿನೆಂಟೂವರೆ ಗಂಟೆ ಕೂರುವುದು ಯಾರಿಗೆ ಲಾಭ?

ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ ಹೊರಟವರಿಗೆ ಈ ವಿಮಾನ ಬೇಡ. ಸಿಂಗಪುರದಲ್ಲೇ ಇರುವವರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಲೆಕ್ಕ ನೋಡಿ: ಬೆಂಗಳೂರು–ನ್ಯೂಯಾರ್ಕ್ ಅತಿ ಹತ್ತಿರದ ದಾರಿ ಸುಮಾರು 13,300 ಕಿ.ಮೀ. ದುಬೈ ಮೇಲೆ ಹೋದರೆ ಹೆಚ್ಚಾಗುವುದು 400 ಕಿ.ಮೀ. ಅಷ್ಟೆ. ಸಿಂಗಪುರ ಸುತ್ತಿದರೆ ಒಟ್ಟು 18,500 ಕಿ.ಮೀ. ದಾಟುತ್ತದೆ.

ಸಿಂಗಪುರದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣಕ್ಕೆ 15,300 ಕಿ.ಮೀ.ಗೂ ಹೆಚ್ಚು. ಸಿಂಗಪುರ ಏರ್‌ಲೈನ್ಸ್‌ನ ವೇಳಾಪಟ್ಟಿಯಲ್ಲಿ ಕಾಣುವುದು 18 ಗಂಟೆ 40 ನಿಮಿಷದ ಆಸುಪಾಸು. ಅದು ಗೇಟಿನಿಂದ ಗೇಟಿಗೆ. ಹಾರಾಟ ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎನ್ನುವುದು ಆ ದಿನದ ಗಾಳಿಯ ಮೇಲೆ. ಹೋಗುವಾಗ ಸಾಮಾನ್ಯವಾಗಿ ಪೆಸಿಫಿಕ್ ದಾಟುತ್ತದೆ, ಬರುವಾಗ ಅಟ್ಲಾಂಟಿಕ್. ಎರಡೂ ಸಲ ಪೂರ್ವಕ್ಕೇ ಮುಖ, ಬೆನ್ನಿಗೆ ಪಶ್ಚಿಮದ ಜೋರುಗಾಳಿ. ಹೋಗಿಬಂದರೆ ಭೂಮಿಗೆ ಒಂದು ಪ್ರದಕ್ಷಿಣೆ ಆಯಿತು!

ಎಡವಟ್ಟಾಗುವುದು ತಾರೀಖಿನಲ್ಲಿ. ಚಳಿಗಾಲದಲ್ಲಿ ನ್ಯೂಯಾರ್ಕ್ ಸಿಂಗಪುರಕ್ಕಿಂತ 13 ಗಂಟೆ ಹಿಂದೆ, ಬೇಸಿಗೆಯಲ್ಲಿ 12. ಸಿಂಗಪುರವನ್ನು ನಡುರಾತ್ರಿ ಬಿಟ್ಟರೆ ನ್ಯೂಯಾರ್ಕ್‌ನಲ್ಲಿ ಇಳಿಯುವಾಗ ಅಲ್ಲಿ ಇನ್ನೂ ಬೆಳಗಿನ ಜಾವ. ವಾಪಸು ಬರುವಾಗ ಒಂದನೇ ತಾರೀಖು ರಾತ್ರಿ ಹತ್ತೂವರೆಗೆ ಹೊರಟವರು ಮುಟ್ಟುವುದು ಮೂರನೇ ತಾರೀಖು ಬೆಳಿಗ್ಗೆ. ಎರಡನೇ ತಾರೀಖಿಗೆ ಮೀಟಿಂಗ್, ಮುಹೂರ್ತ ಏನನ್ನೂ ಇಟ್ಟುಕೊಳ್ಳಬೇಡಿ.

ವಿಮಾನ ಏರ್‌ಬಸ್ ಎ350-900 ಯುಎಲ್‌ಆರ್ (ಅಲ್ಟ್ರಾ ಲಾಂಗ್ ರೇಂಜ್, ಅಂದರೆ ಅತಿ ದೂರ ಹಾರುವ ಮಾದರಿ). ಮಾಮೂಲಿ ಎ350ರಲ್ಲಿ ಇಂಧನ 1,41,000 ಲೀಟರ್ ಹಿಡಿದರೆ ಇದರಲ್ಲಿ 1,65,000. ಆ ಭಾರಕ್ಕೆ ತೆತ್ತಿರುವ ಬೆಲೆ ಸೀಟುಗಳು: ಇದೇ ಕಂಪನಿಯ ದೂರಪ್ರಯಾಣದ ಸಾಮಾನ್ಯ ಎ350ರಲ್ಲಿ 253, ಇದರಲ್ಲಿ 161. ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಎಕಾನಮಿ ಇಲ್ಲವೇ ಇಲ್ಲ. ಟಿಕೆಟ್ ದುಬಾರಿ ಎಂದು ಗೊಣಗುವ ಮೊದಲು ಇದು ನೆನಪಿರಲಿ.

ಪ್ರೀಮಿಯಂ ಎಕಾನಮಿಯಲ್ಲಿ ಸೀಟು ಆರಿಸುವುದೇ ಮುಖ್ಯ ಕೆಲಸ. ಜೋಡಣೆ 2-4-2. ಸಾಲಿನಿಂದ ಸಾಲಿಗೆ 38 ಇಂಚು ಇದ್ದರೂ, ಕಿಟಕಿ ಪಕ್ಕ ಕೂತವರು ಶೌಚಕ್ಕೆ ಏಳಬೇಕೆಂದರೆ ಪಕ್ಕದವರನ್ನು ಎಬ್ಬಿಸಲೇಬೇಕು. ಹದಿನೆಂಟು ಗಂಟೆಯಲ್ಲಿ ಇದು ಐದಾರು ಸಲ. ಕೊನೆಯ ಮೂರು ಸಾಲುಗಳಲ್ಲಿ ವಿಮಾನದ ಮೈ ಸಣ್ಣದಾಗುವುದರಿಂದ ಜೋಡಣೆ 1-4-1 ಆಗುತ್ತದೆ. ಕಿಟಕಿಯೂ ನಿಮ್ಮದೇ, ಓಡಾಡುವ ದಾರಿಯೂ ಪಕ್ಕದಲ್ಲೇ, ಜೊತೆಗೆ ಗೋಡೆ ಕಡೆ ಸಾಮಾನಿಡಲು ಜಾಗ. ಇರುವುದು ಆರೇ ಸೀಟು. ಒಬ್ಬರೇ ಹೋಗುವವರು ಟಿಕೆಟ್ ಮಾಡಿಸಿದ ಕೂಡಲೇ ಇದನ್ನು ಹಿಡಿಯಬೇಕು. ದಂಪತಿಗಳಿಗೆ ಮುಂದಿನ ಸಾಲುಗಳ ಜೋಡಿ ಸೀಟೇ ವಾಸಿ.

ಒಳಗಿನ ಗಾಳಿಯ ಒತ್ತಡ ಸುಮಾರು 6,000 ಅಡಿ ಎತ್ತರದ ಊರಿನಷ್ಟು, ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿ. ಹಳೆಯ ವಿಮಾನಗಳಲ್ಲಿ ಇದು 8,000 ಅಡಿಯವರೆಗೆ ಹೋಗುತ್ತದೆ. ತಲೆಭಾರ ಕಡಿಮೆ ಎನಿಸುವುದು ಇದಕ್ಕೇ. ಕಾಲು ಊದಿಕೊಳ್ಳುವುದಂತೂ ತಪ್ಪದು. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಬಿಗಿ ಶೂ ಬೇಡ.

ಸಸ್ಯಾಹಾರಿಗಳು ಹೊರಡುವುದಕ್ಕೆ 24 ಗಂಟೆ ಮೊದಲೇ ಊಟ ಗುರುತಿಸಬೇಕು. ಬರೀ ‘ವೆಜಿಟೇರಿಯನ್’ ಎಂದು ಒತ್ತಿಬಿಟ್ಟರೆ ಸಾಲದು. ಭಾರತೀಯ, ಜೈನ, ಪಾಶ್ಚಾತ್ಯ ಎಲ್ಲ ಬೇರೆ ಬೇರೆ ಇವೆ. ಇನ್ನೊಂದು: ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ 1, 2, 3ನೇ ಟರ್ಮಿನಲ್‌ಗಳಲ್ಲಿ ತಪಾಸಣೆ ನಡೆಯುವುದು ಗೇಟಿನ ಬಾಗಿಲಲ್ಲಿ. ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಅಲ್ಲಿ ಚೆಲ್ಲಬೇಕಾಗುತ್ತದೆ. ಖಾಲಿ ಬಾಟಲಿ ಒಯ್ದು, ಸೀಟಿಗೆ ಹೋದ ಮೇಲೆ ಸಿಬ್ಬಂದಿಯ ಕೈಲಿ ತುಂಬಿಸಿಕೊಳ್ಳಿ.