ಅರ್ಧಕ್ಕೆ ನಿಂತ ಕಸೂತಿಗೆ ಆಂಕರ್ ದಾರ

ಆಂಕರ್ ಸ್ಟ್ರ್ಯಾಂಡೆಡ್ ಕಾಟನ್ ದಾರವನ್ನು ಎಲ್ಲರೂ ಅದರ ಹೊಳಪಿಗೆ ಮೆಚ್ಚುತ್ತಾರೆ. ನನಗೆ ಮಾತ್ರ ಲಡಿಗೆ ಸುತ್ತಿರುವ ಕಾಗದದ ಪಟ್ಟಿ ಮೇಲಿನ ಬಣ್ಣದ ನಂಬರೇ ಜಾಸ್ತಿ ಇಷ್ಟ. ಮಗಳು ಹುಟ್ಟಿದಾಗ ಕಪ್ಪು ಇಳಕಲ್ ಸೀರೆಯ ಕಸೂತಿ ಕೆಲಸ ಎತ್ತಿಟ್ಟಿದ್ದೆ. ಸೆರಗಿನಲ್ಲಿ ಗೋಪುರ ಮುಗಿದಿತ್ತು, ಅಂಬಾರಿ ಆನೆ ಅರ್ಧಕ್ಕೆ ನಿಂತಿತ್ತು. ಅವಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಸೀರೆ ತೆಗೆದು, ಅಂಗಡಿಗೆ ಹೋಗಿ ಅದೇ 46 ನಂಬರಿನ ಕೆಂಪು ಕೇಳಿದೆ, ಸಿಕ್ಕಿತು. ಹಳೆ ಹೊಲಿಗೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತು ಅಂತ ನಾನೇ ಹುಡುಕಬೇಕು, ಅಷ್ಟು ಚೆನ್ನಾಗಿ ಕೂತಿದೆ.

ಒಂದು ಲಡಿ 8 ಮೀಟರ್, ಅದರಲ್ಲಿ 6 ಎಳೆ. ಇಳಕಲ್ ಮೇಲೆ ನಾನು ಎರಡೇ ಎಳೆ ಬಿಡಿಸಿ ಪೋಣಿಸುತ್ತೇನೆ, ಒಂದು ಮೊಳಕ್ಕಿಂತ ಉದ್ದ ಕತ್ತರಿಸುವುದಿಲ್ಲ. ಉದ್ದ ಆದಷ್ಟೂ ಸಿಕ್ಕು, ಜೊತೆಗೆ ಬಟ್ಟೆಯೊಳಗೆ ಹಾದು ಹಾದು ದಾರದ ಹೊಳಪೂ ಹೋಗುತ್ತದೆ. ಹಿಂದೊಮ್ಮೆ ಬೇರೊಂದು ಅಗ್ಗದ ದಾರದಲ್ಲಿ ಹಾಕಿದ ಕುಶನ್ ಕವರ್ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು. ಇದು ಬಿಟ್ಟಿಲ್ಲ.

ದಾರ ಎಷ್ಟೇ ಒಳ್ಳೆಯದಿದ್ದರೂ ಕೆಲಸವನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನೋದು ಮುಖ್ಯ, ಅದರಲ್ಲೂ ಗವಂತಿ ಅನ್ನೋ ಕಸೂತಿ ಹೊಲಿಗೆಯಲ್ಲಿ. ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಖಾಲಿ ಬಿಟ್ಟ ಜಾಗ ತುಂಬಬೇಕಲ್ವಾ? ಗಂಟು ಹಾಕುವಂತಿಲ್ಲ, ಸೀರೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಹೋಗುವ ದಾರಿಯಲ್ಲಿ ಎತ್ತಿಟ್ಟರೆ, ಯಾವ ಕವಲಿಗೆ ಹೋಗಿದ್ದೆ, ಯಾವುದಕ್ಕೆ ತಿರುಗಬೇಕಿತ್ತು ಅಂತ ವರ್ಷ ಕಳೆದ ಮೇಲೆ ದೇವರಿಗೂ ತಿಳಿಯದು. ಮೆಟ್ಟಿಲಿನಂಥ ಮುರ್ಗಿ ಹೊಲಿಗೆಗೂ ಇದೇ ಮಾತು. ಹಾಗಾಗಿ ಒಂದು ಸುತ್ತು ಪೂರ್ತಿ ಮುಗಿಸಿಯೇ ಸೂಜಿ ತೆಗೆಯಿರಿ. ಅಡ್ಡಡ್ಡ ದಾಟುವ ಮೆಂತಿ, ನೇಯ್ದಂತೆ ಕಾಣುವ ನೇಗಿ ಹೊಲಿಗೆ ಆದರೆ ಅಷ್ಟು ತಲೆಬಿಸಿ ಇಲ್ಲ.

ಎತ್ತಿಡುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗ್ ಬಿಚ್ಚಿ, ಇಲ್ಲದಿದ್ದರೆ ಬಟ್ಟೆ ಮೇಲೆ ಗುಂಡಗಿನ ಕಲೆ ಕೂತುಬಿಡುತ್ತದೆ. ಸೂಜಿಯನ್ನೂ ಚುಚ್ಚಿ ಬಿಡಬೇಡಿ, ತುಕ್ಕು ಹಿಡಿಯುತ್ತದೆ. ಒಂದು ಚೀಟಿಯಲ್ಲಿ ದಾರದ ನಂಬರ್, ಎಷ್ಟು ಎಳೆ, ಒಂದು ಹೊಲಿಗೆಗೆ ಬಟ್ಟೆಯ ಎಷ್ಟು ನೂಲು ಎಣಿಸಿದ್ದೀರಿ ಅಂತ ಬರೆದು ಜೊತೆಗೇ ಇಡಿ. ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲವಲ್ಲ, ಈ ಎಣಿಕೆಯೇ ಆಧಾರ.

ಆಂಕರ್‌ನಲ್ಲಿ ನನಗೆ ಇಷ್ಟವಾಗದ್ದು ಆ ಕಾಗದದ ಪಟ್ಟಿ ಬಹಳ ಸಡಿಲ ಇರೋದು. ಲಡಿ ಅರ್ಧ ಖಾಲಿ ಆಗುತ್ತಿದ್ದಂತೆ ಜಾರಿ ಬೀಳುತ್ತದೆ, ಅದು ಹೋದರೆ ನಂಬರೂ ಹೋಯಿತು. ಮೊದಲೇ ರಟ್ಟಿನ ತುಂಡಿಗೆ ದಾರ ಸುತ್ತಿ, ಅದರ ಮೇಲೆ ನಂಬರ್ ಬರೆದುಬಿಡಿ.

ಡಿಎಂಸಿ ಅನ್ನೋ ಇನ್ನೊಂದು ಕಂಪನಿಯ ದಾರವೂ ಒಳ್ಳೆಯದೇ, ಅದರ ನಂಬರುಗಳು ಬೇರೆ. ಆಂಕರ್‌ನಲ್ಲಿ ಕಪ್ಪು 403, ಅಲ್ಲಿ 310. ಎರಡಕ್ಕೂ ಹೊಂದಿಸುವ ಚಾರ್ಟ್ ಸಿಗುತ್ತದೆ, ಆದರೆ ಅದನ್ನು ನಂಬಿ ನಡುವೆ ಕಂಪನಿ ಬದಲಿಸಬೇಡಿ, ಸಿಗೋದು ಹತ್ತಿರದ ಬಣ್ಣ ಅಷ್ಟೇ. ಒಂದೇ ನಂಬರಿನಲ್ಲೂ ಬೇರೆ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಚೂರು ವ್ಯತ್ಯಾಸ ಬರಬಹುದು. ಸೆರಗು ಪೂರ್ತಿ ತುಂಬಿಸುವುದಾದರೆ ಮುಖ್ಯ ಬಣ್ಣದ ಲಡಿಗಳನ್ನು ಒಟ್ಟಿಗೇ ತಗೊಳ್ಳಿ, ಉಳಿದವನ್ನು ಬೇಕಾದಾಗ ಬಿಡಿಯಾಗಿ ತಂದರೂ ನಡೆಯುತ್ತದೆ.